ಹಂಟಿಂಗ್ಟನ್ ಮತ್ತು ಹೆಗ್ಗೋಡು: ಒಂದೇ ವರ್ಷ ಹುಟ್ಟಿದ ಎರಡು ಸಂಘಗಳು

ಇತಿಹಾಸದ ಪುಸ್ತಕಗಳಲ್ಲಿ 1949ಕ್ಕೆ ಬೇಕಾದಷ್ಟು ಮಹತ್ವ ಇದೆ. ನೇಟೋ ಒಪ್ಪಂದ ಆದದ್ದು ಆ ವರ್ಷ. ಚೀನಾದಲ್ಲಿ ಕಮ್ಯುನಿಸ್ಟ್ ಸರಕಾರ ಬಂದದ್ದು ಆ ವರ್ಷ. ಭಾರತದ ಸಂವಿಧಾನ ಸಭೆ ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದೂ ಅದೇ ವರ್ಷದ ನವೆಂಬರ್ 26ರಂದು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಇನ್ನೆರಡು ಸಂಗತಿಗಳೂ ಆ ವರ್ಷ ನಡೆದವು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಹಂಟಿಂಗ್ಟನ್‌ನಲ್ಲಿ ಒಬ್ಬ ಕವಿಯ ಮನೆಯನ್ನು ಉಳಿಸಲು ಒಂದು ಸಂಘ ಹುಟ್ಟಿತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನಾಟಕ ಆಡಲು ಒಂದು ಸಂಘ ಹುಟ್ಟಿತು.

ಒಂದರ ಹುಟ್ಟಿಗೂ ಇನ್ನೊಂದರ ಹುಟ್ಟಿಗೂ ಯಾವ ಸಂಬಂಧವೂ ಇಲ್ಲ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ನಮ್ಮಂಥ ಕನ್ನಡ ಶಾಲೆಯವರಿಗೆ ಅದರಿಂದ ಕಲಿಯುವುದು ಇದೆ ಎಂದು ನನಗೆ ಅನ್ನಿಸಿತು. ಅದನ್ನೇ ಈ ಪ್ರಬಂಧದಲ್ಲಿ ಬರೆಯುತ್ತಿದ್ದೇನೆ.

ಹಂಟಿಂಗ್ಟನ್: ಒಂದು ಮನೆ ಉಳಿದ ಕಥೆ

ವಾಲ್ಟ್ ವಿಟ್ಮನ್ ಹುಟ್ಟಿದ್ದು 1819ರ ಮೇ 31ರಂದು, ಹಂಟಿಂಗ್ಟನ್‌ಗೆ ಸೇರಿದ ವೆಸ್ಟ್ ಹಿಲ್ಸ್ ಎಂಬಲ್ಲಿ. ತಂದೆ ಬಡಗಿ. ಆ ಮನೆಯನ್ನು ಕಟ್ಟಿದವರೂ ಅವರೇ. ವಾಲ್ಟ್‌ಗೆ ಸುಮಾರು ನಾಲ್ಕು ವರ್ಷವಾದಾಗ ಕುಟುಂಬ ಬ್ರೂಕ್ಲಿನ್‌ಗೆ ಹೋಯಿತು. ಬಡತನದಿಂದಾಗಿ ಹುಡುಗ ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟ. ಆಮೇಲೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದನ್ನು ಕಲಿತ. ಲಾಂಗ್ ಐಲೆಂಡಿನ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದ. 1838ರಲ್ಲಿ, ಇನ್ನೂ 19 ವರ್ಷದವನಾಗಿದ್ದಾಗಲೇ, ಹಂಟಿಂಗ್ಟನ್‌ಗೆ ಬಂದು 'ದಿ ಲಾಂಗ್ ಐಲೆಂಡರ್' ಎಂಬ ವಾರಪತ್ರಿಕೆ ಶುರು ಮಾಡಿದ. ಬರೆಯುವುದು, ಅಚ್ಚು ಹಾಕುವುದು, ಕುದುರೆಯ ಮೇಲೆ ಊರೂರಿಗೆ ಹೋಗಿ ಹಂಚುವುದು ಎಲ್ಲವನ್ನೂ ತಾನೇ ಮಾಡಿದ.

1855ರಲ್ಲಿ ಬ್ರೂಕ್ಲಿನ್‌ನಲ್ಲಿ ಅವರ 'ಲೀವ್ಸ್ ಆಫ್ ಗ್ರಾಸ್' ಸ್ವಂತ ಖರ್ಚಿನಲ್ಲಿ ಅಚ್ಚಾಯಿತು. ಮೊದಲ ಮುದ್ರಣದಲ್ಲಿ ಇದ್ದದ್ದು 12 ಕವಿತೆಗಳು. ಅದೇ ಪುಸ್ತಕವನ್ನು ತಿದ್ದುತ್ತ, ಬೆಳೆಸುತ್ತ ಅವರು ಜೀವನವಿಡೀ ಕಳೆದರು. ಕೊನೆಯ ವರ್ಷಗಳಲ್ಲಿ ಇದ್ದದ್ದು ನಮ್ಮ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ. ಅಲ್ಲಿ 1884ರಲ್ಲಿ ಕೊಂಡ ಮನೆಯೇ ಅವರು ಬದುಕಿನಲ್ಲಿ ಕೊಂಡ ಒಂದೇ ಒಂದು ಮನೆ. 1892ರಲ್ಲಿ ಅಲ್ಲೇ ತೀರಿಕೊಂಡರು.

ವೆಸ್ಟ್ ಹಿಲ್ಸ್‌ನಲ್ಲಿ ಅವರು ಹುಟ್ಟಿದ ಮನೆ ಬೇರೆ ಬೇರೆಯವರ ಕೈಯಲ್ಲಿತ್ತು. ಎರಡನೇ ಮಹಾಯುದ್ಧದ ನಂತರ ಲಾಂಗ್ ಐಲೆಂಡ್ ಬಹಳ ಬೇಗ ಬದಲಾಯಿತು. ಆಲೂಗಡ್ಡೆ ಹೊಲಗಳೆಲ್ಲ ಬಡಾವಣೆಗಳಾದವು. ಹಳೆಯ ಮನೆಗಳು ಹೋಗುತ್ತಿದ್ದ ಆ ಕಾಲದಲ್ಲೇ, 1949ರಲ್ಲಿ, ಊರಿನ ಕೆಲವರು ಸೇರಿ ವಾಲ್ಟ್ ವಿಟ್ಮನ್ ಜನ್ಮಸ್ಥಳ ಸಂಘವನ್ನು ಕಟ್ಟಿದರು. ಜನರಿಂದ ಹಣ ಕೂಡಿಸಿ 1951ರಲ್ಲಿ ಮನೆಯನ್ನು ಕೊಂಡರು. 1957ರಲ್ಲಿ ಅದನ್ನು ನ್ಯೂಯಾರ್ಕ್ ರಾಜ್ಯಕ್ಕೆ ಒಪ್ಪಿಸಿದರು. ಈಗ ಅದು ರಾಜ್ಯದ ಐತಿಹಾಸಿಕ ಸ್ಥಳ. ನಡೆಸುವವರು ಮಾತ್ರ ಇವತ್ತಿಗೂ ಆ ಸಂಘದವರೇ.

ಮನೆ ಉಳಿಯಿತು. ಆಮೇಲೆ ಏನು ಮಾಡುವುದು? ಈ ಪ್ರಶ್ನೆ ಎಲ್ಲ ಸಂಘಗಳಿಗೂ ಬರುತ್ತದೆ. ಹಳೆಯ ಮೇಜು, ಮಂಚ, ಒಲೆ ಇವನ್ನು ಒಮ್ಮೆ ನೋಡಿದವರು ಎರಡನೆಯ ಸಲ ಬರುವುದಿಲ್ಲ. ಹಂಟಿಂಗ್ಟನ್‌ನವರು ಕಂಡುಕೊಂಡ ಉತ್ತರ ಏನೆಂದರೆ, ಈಗ ಬರೆಯುತ್ತಿರುವ ಕವಿಗಳನ್ನು ಆ ಮನೆಗೆ ಕರೆಸುವುದು. ಆಹ್ವಾನಿತ ಕವಿಗಳು ಬಂದು ಕವಿತೆ ಓದುತ್ತಾರೆ, ಕಮ್ಮಟ ನಡೆಸುತ್ತಾರೆ. ಶಾಲಾ ಮಕ್ಕಳಿಗಾಗಿ ಕವಿತೆ ಸ್ಪರ್ಧೆ ಇದೆ. ಆ ಮನೆಯ ಹತ್ತಿರವೇ ಇರುವ ದೊಡ್ಡ ಶಾಪಿಂಗ್ ಮಾಲ್‌ಗೂ ವಿಟ್ಮನ್ ಹೆಸರೇ ಇದೆ. ಹೆಸರು ಉಳಿಸಿಕೊಳ್ಳಲು ಮಾಲ್ ಸಾಕು. ಕವಿಯನ್ನು ಓದುವ ಅಭ್ಯಾಸ ಉಳಿಯಲು ಒಂದು ಸಂಘ ಬೇಕಾಯಿತು.

ಹೆಗ್ಗೋಡು: ಊರಿಗೆ ಲೋಕವನ್ನು ಕರೆದ ಕಥೆ

ಹೆಗ್ಗೋಡು ಸಾಗರದ ಹತ್ತಿರದ ಒಂದು ಮಲೆನಾಡಿನ ಹಳ್ಳಿ. ಸುತ್ತ ಅಡಿಕೆ ತೋಟಗಳು, ಗದ್ದೆಗಳು, ಕಾಡು. 1949ರಲ್ಲಿ ಅಲ್ಲಿನವರು ಕಟ್ಟಿಕೊಂಡ ಸಂಘದ ಹೆಸರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರ ದೇವರ ಹೆಸರನ್ನೇ ಸಂಘಕ್ಕೆ ಇಟ್ಟುಕೊಂಡರು. ಮುಂದೆ ಆ ಉದ್ದದ ಹೆಸರು ಚಿಕ್ಕದಾಗಿ 'ನೀನಾಸಂ' ಆಯಿತು. ಹಗಲು ತೋಟದ ಕೆಲಸ ಮಾಡಿದವರು ರಾತ್ರಿ ನಾಟಕದ ಅಭ್ಯಾಸ ಮಾಡುತ್ತಿದ್ದರು. ಅಂಥ ಹವ್ಯಾಸಿ ತಂಡಗಳು ಆಗ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇದ್ದವು.

ಈ ಸಂಘವನ್ನು ಬೇರೆಯದಾಗಿ ಮಾಡಿದವರು ಕೆ. ವಿ. ಸುಬ್ಬಣ್ಣ. ಅವರು ಹುಟ್ಟಿದ್ದು 1932ರಲ್ಲಿ. ಅಂದರೆ ಸಂಘ ಶುರುವಾದಾಗ ಅವರಿಗೆ 17 ವರ್ಷ, ನನಗಿಂತ ಒಂದೇ ವರ್ಷ ದೊಡ್ಡವರು. ಆಮೇಲೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಕುವೆಂಪು ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಓದು ಮುಗಿದ ಮೇಲೆ ಪಟ್ಟಣದಲ್ಲಿ ಕೆಲಸ ಹುಡುಕದೆ ಊರಿಗೆ ಹಿಂತಿರುಗಿದರು. ಅಡಿಕೆ ಬೆಳೆದುಕೊಂಡು, ಅದೇ ಹಳ್ಳಿಯಲ್ಲಿ ಅಕ್ಷರ ಪ್ರಕಾಶನ ಎಂಬ ಪುಸ್ತಕ ಪ್ರಕಾಶನವನ್ನೂ ಶುರು ಮಾಡಿದರು. ತಾವೂ ಬರೆದರು, ಅನುವಾದ ಮಾಡಿದರು, ಬೇರೆಯವರ ಪುಸ್ತಕಗಳನ್ನೂ ಅಚ್ಚು ಹಾಕಿಸಿದರು.

ಸಾಮಾನ್ಯವಾಗಿ ಹಳ್ಳಿಯ ಪ್ರತಿಭಾವಂತರು ಲೋಕವನ್ನು ನೋಡಲು ಊರು ಬಿಟ್ಟು ಹೋಗುತ್ತಾರೆ. ಸುಬ್ಬಣ್ಣನವರು ಲೋಕವನ್ನೇ ಊರಿಗೆ ಕರೆದರು. ಇದು ಕೇಳಲು ದೊಡ್ಡ ಮಾತಿನ ಹಾಗಿದೆ. ಆದರೆ ಅದು ಒಂದೊಂದೇ ಹೆಜ್ಜೆಯಾಗಿ ಹೇಗೆ ನಡೆಯಿತು ಎಂದು ನೋಡಬಹುದು.

ಮೊದಲು ಒಂದು ರಂಗಮಂದಿರ. ಎಪ್ಪತ್ತರ ದಶಕದ ಆರಂಭದಲ್ಲಿ ಕಟ್ಟಿದ ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ನಂತರ 1973ರಲ್ಲಿ ನೀನಾಸಂ ಚಿತ್ರಸಮಾಜ. ಹಳ್ಳಿಯವರಿಗೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಜಪಾನಿನ ಕುರೊಸಾವಾ ಅವರ 'ರಾಶೋಮಾನ್', ಇಟಲಿಯ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ತೋರಿಸಿದರು. ಇಂಥ ಸಿನಿಮಾ ಹಳ್ಳಿಯವರಿಗೆ ಅರ್ಥವಾಗುತ್ತದೆಯೇ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಸೈಕಲ್ ಕಳೆದುಕೊಂಡು ಕೆಲಸವೂ ಹೋಗುವ ಭಯದಲ್ಲಿ ಅಪ್ಪ ಮಗ ರೋಮ್ ನಗರವೆಲ್ಲ ಅಲೆಯುವ ಕಥೆಯನ್ನು ತಿಳಿಯಲು ಇಟಲಿಯ ಭಾಷೆ ಗೊತ್ತಿರಬೇಕಾಗಿಲ್ಲ. ತೋರಿಸುವ ಮುಂಚೆ ಕನ್ನಡದಲ್ಲಿ ಪರಿಚಯ ಮಾಡಿಕೊಡುವವರು, ನೋಡಿದ ಮೇಲೆ ಕನ್ನಡದಲ್ಲಿ ಚರ್ಚೆ ಮಾಡುವವರು ಇದ್ದರೆ ಸಾಕು.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಕರ್ನಾಟಕದ ಬೇರೆ ಬೇರೆ ಕಡೆಯಿಂದ ಬಂದ ಯುವಕ ಯುವತಿಯರು ಅಲ್ಲಿ ಉಳಿದು ಕನ್ನಡದಲ್ಲೇ ನಾಟಕ ಕಲಿಯುತ್ತಾರೆ. 1985ರಲ್ಲಿ 'ತಿರುಗಾಟ' ಶುರುವಾಯಿತು. ಯಕ್ಷಗಾನ ಮೇಳದವರು ಊರೂರು ಸುತ್ತುವುದಕ್ಕೂ ಇದೇ ಮಾತಿದೆ. ಕೇಂದ್ರದಲ್ಲಿ ಕಲಿತ ನಟರು ಪ್ರತಿ ವರ್ಷ ಕೆಲವು ನಾಟಕಗಳನ್ನು ಸಿದ್ಧ ಮಾಡಿಕೊಂಡು, ರಂಗಸಜ್ಜಿಕೆಯನ್ನೂ ಹೊತ್ತುಕೊಂಡು ತಿಂಗಳುಗಟ್ಟಲೆ ಕರ್ನಾಟಕ ಸುತ್ತುತ್ತಾರೆ. ಕನ್ನಡದ ನಾಟಕಗಳ ಜೊತೆಗೆ ಶೇಕ್ಸ್‌ಪಿಯರ್, ಬ್ರೆಕ್ಟ್, ಗೊಗೋಲ್ ಇವರ ನಾಟಕಗಳೂ ಕನ್ನಡವಾಗಿ ಹೀಗೆ ಸಣ್ಣ ಊರುಗಳನ್ನು ತಲುಪಿವೆ. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಸಂಸ್ಕೃತಿ ಶಿಬಿರದಲ್ಲಿ ಯು. ಆರ್. ಅನಂತಮೂರ್ತಿ, ಕೀರ್ತಿನಾಥ ಕುರ್ತಕೋಟಿ ಅವರಂಥವರು ವರ್ಷವರ್ಷವೂ ಬಂದು ಮಾತಾಡುತ್ತಿದ್ದರು.

1991ರಲ್ಲಿ ಸುಬ್ಬಣ್ಣನವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ 'ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು' ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಸಂಘ ನಿಲ್ಲಲಿಲ್ಲ.

ಎರಡು ಊರುಗಳ ನಡುವಿನ ದಾರಿ

ಹಂಟಿಂಗ್ಟನ್‌ಗೂ ಹೆಗ್ಗೋಡಿಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿದೆ. ಸಂಘಗಳ ನಡುವೆ ಇಲ್ಲ ನಿಜ. ಆದರೆ ಹುಡುಕುತ್ತಾ ಹೋದಾಗ ಪುಸ್ತಕಗಳ ನಡುವೆ ಒಂದು ದಾರಿ ಸಿಕ್ಕಿತು.

ಅರವತ್ತರ ದಶಕದಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು. ನವ್ಯ ಸಾಹಿತ್ಯಕ್ಕೆ ಬಹಳ ಮುಖ್ಯವಾದ 'ಸಾಕ್ಷಿ' ಪತ್ರಿಕೆಯನ್ನು ಅವರು ಸಂಪಾದಿಸುತ್ತಿದ್ದ ಕಾಲವೂ ಅದೇ. ಅದೇ ಅಡಿಗರು ವಿಟ್ಮನ್ನರ 'ಲೀವ್ಸ್ ಆಫ್ ಗ್ರಾಸ್' ಕವಿತೆಗಳನ್ನು 'ಹುಲ್ಲಿನ ದಳಗಳು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅಂದರೆ ನಮ್ಮಲ್ಲಿ ಅನೇಕರು ಲಾಂಗ್ ಐಲೆಂಡಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಲಾಂಗ್ ಐಲೆಂಡಿನ ಕವಿ ಕನ್ನಡಕ್ಕೆ ಹೋಗಿ ಬಂದಿದ್ದರು.

ಇನ್ನೊಂದು ದಾರಿ ಆಫ್ರಿಕಾದ ಮೂಲಕ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಮತ್ತು ಅದಕ್ಕೂ ಮುಂಚೆ ಆಫ್ರಿಕಾದಿಂದ ತರಲ್ಪಟ್ಟವರ ವಂಶದವರು ಅವರು. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಅವರು ಸಿದ್ದಿಗಳನ್ನೇ ನಟರಾಗಿಟ್ಟುಕೊಂಡು ಒಂದು ನಾಟಕ ಮಾಡಿಸಿದರು. ಹೆಸರು 'ಕಪ್ಪು ಜನ ಕೆಂಪು ನೆರಳು'. ಅದು ನೈಜೀರಿಯಾದ ಚಿನುವ ಅಚಿಬೆ 1958ರಲ್ಲಿ ಬರೆದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ರಂಗರೂಪ. ಈ ಕಾದಂಬರಿಯನ್ನು ಇಲ್ಲಿನ ಹೈಸ್ಕೂಲುಗಳಲ್ಲಿ ನನ್ನ ವಯಸ್ಸಿನ ಅನೇಕರು ಪಠ್ಯವಾಗಿ ಓದುತ್ತಾರೆ. ಓದಿ, ಪ್ರಬಂಧ ಬರೆದು, ಗ್ರೇಡ್ ತೆಗೆದುಕೊಂಡು ಮರೆತುಬಿಡುತ್ತಾರೆ. ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಅದನ್ನು ಕನ್ನಡದಲ್ಲಿ ಆಡಿದರು ಎಂದು ಆ ತರಗತಿಗಳಲ್ಲಿ ಎಷ್ಟು ಜನರಿಗೆ ಗೊತ್ತಿರಬಹುದು? ಅಚಿಬೆ ಕೂಡ 1990ರಿಂದ 2009ರವರೆಗೆ ಇದೇ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ದಂಡೆಯ ಬಾರ್ಡ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು.

ಹಣದ ದಾರಿಯೂ ಒಂದಿದೆ. 1983ರಲ್ಲಿ ನೀನಾಸಂ 'ಜನಸ್ಪಂದನ' ಎಂಬ ಯೋಜನೆ ಹಾಕಿಕೊಂಡಿತು. ಹಳ್ಳಿಹಳ್ಳಿಗೆ ಹೋಗಿ ಅಲ್ಲಿನವರಿಗೆ ನಾಟಕ ಮಾಡಲು, ಒಳ್ಳೆಯ ಸಿನಿಮಾ ನೋಡಲು ಕಲಿಸುವ ಕೆಲಸ ಅದು. ಅದಕ್ಕೆ ನೆರವು ಕೊಟ್ಟದ್ದು ಫೋರ್ಡ್ ಫೌಂಡೇಶನ್. ಅದರ ಕಚೇರಿ ಇರುವುದು ಮ್ಯಾನ್ಹಾಟನ್‌ನ 43ನೇ ಬೀದಿಯಲ್ಲಿ.

ಇವು ಬರುವ ದಾರಿಗಳು. ಹೋಗುವ ದಾರಿಗಳೂ ಇವೆ. ಶಿಕಾಗೋದಲ್ಲಿದ್ದ ಎ. ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು 'ಸ್ಪೀಕಿಂಗ್ ಆಫ್ ಶಿವ' ಎಂದು ಇಂಗ್ಲಿಷಿಗೆ ತಂದರು. 1976ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವನ್ನು ತಂದರು. ಆ ಅನುವಾದವನ್ನು 2017ರಲ್ಲಿ ನ್ಯೂಯಾರ್ಕಿನ ಪ್ರಕಾಶಕರು ಮತ್ತೆ ಅಚ್ಚು ಹಾಕಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಸ್ತಿಯವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದವು. ಆ ಸುದ್ದಿ ಬಂದ ದಿನ ನಮ್ಮ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಸಂತೋಷ ಇತ್ತು ಎಂದು ನಿಮಗೇ ಗೊತ್ತು. ಪ್ರಶಸ್ತಿಯ ಹಣವನ್ನು ಬರೆದವರಿಗೂ ಅನುವಾದಿಸಿದವರಿಗೂ ಸಮನಾಗಿ ಹಂಚುತ್ತಾರೆ ಎನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ನಮ್ಮ ಶಾಲೆಗೆ ಇದರಿಂದ ಏನು?

ನಮ್ಮ ಶಾಲೆಯೂ ಹಂಟಿಂಗ್ಟನ್ ಸಂಘದ ಹಾಗೆ ಉಳಿಸುವ ಆಸೆಯಿಂದ ಹುಟ್ಟಿದ್ದು. ಇಲ್ಲಿ ಹುಟ್ಟಿದ ಮಕ್ಕಳು ಅಜ್ಜ ಅಜ್ಜಿಯ ಜೊತೆ ಮಾತಾಡಬೇಕು, ಅಕ್ಷರ ಓದಬೇಕು ಎಂಬ ಆಸೆ ಅದು. ಆ ಕೆಲಸವನ್ನು ಶಿಕ್ಷಕರು ಸಂಬಳವಿಲ್ಲದೆ, ತಮ್ಮ ವಾರಾಂತ್ಯಗಳನ್ನು ಕೊಟ್ಟು ಮಾಡಿದ್ದಾರೆ. ನಾನು ಈ ಪುಟಗಳನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಗಿದ್ದೇ ಅದರಿಂದ. ಅದನ್ನು ಸಣ್ಣದು ಎಂದು ನಾನು ಹೇಳುವುದಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಇವತ್ತು ಪದವಿ ಪಡೆಯುವವರಲ್ಲಿ ಹೆಚ್ಚಿನವರು ನಾಳೆಯಿಂದ ಕನ್ನಡ ಓದುವುದಿಲ್ಲ. ಅವರಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲವೆಂದಲ್ಲ. ಕನ್ನಡದಲ್ಲಿ ಮಾಡಲು ಅವರಿಗೆ ಒಂದು ಕೆಲಸ ಇಲ್ಲ, ಅಷ್ಟೇ. ನಮಗೆ ಕನ್ನಡ ಎಂದರೆ ಅಲ್ಲಿಂದ ಇಲ್ಲಿಗೆ ಬರುವ ವಸ್ತು: ಅಲ್ಲಿಯ ಹಬ್ಬ, ಅಲ್ಲಿಯ ರಾಜರು, ಅಲ್ಲಿಯ ಕವಿಗಳು. ನಾವು ತೆಗೆದುಕೊಳ್ಳುವವರು ಮಾತ್ರ. ಸುಮ್ಮನೆ ತೆಗೆದುಕೊಳ್ಳುತ್ತಲೇ ಇರುವವರಿಗೆ ಒಂದು ದಿನ ಸಾಕು ಅನ್ನಿಸುತ್ತದೆ. ಹೆಗ್ಗೋಡಿನ ಜನ ಹಾಗೆ ಮಾಡಲಿಲ್ಲ. ಅವರು ಬ್ರೆಕ್ಟ್‌ನನ್ನು ತೆಗೆದುಕೊಂಡಾಗ ಅವನನ್ನು ಕನ್ನಡ ಮಾಡಿದರು. ಅವನ ಜೊತೆ ಸ್ವತಃ ಏನನ್ನೋ ಮಾಡಿದರು.

ಹೆಗ್ಗೋಡನ್ನು ಇಲ್ಲಿ ನಕಲು ಮಾಡಲು ಆಗುವುದಿಲ್ಲ ಎಂದು ನನಗೆ ಗೊತ್ತು. ಅಲ್ಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ತೋಟದಲ್ಲಿ ಎಲ್ಲ ಕಡೆ ಕನ್ನಡವೇ. ಇಲ್ಲಿ ನಮಗೆ ವಾರಕ್ಕೆ ಒಂದು ತರಗತಿ ಮತ್ತು ಅಮ್ಮನ ಜೊತೆಗಿನ ಮಾತು. ನಮ್ಮ ಕನ್ನಡದಲ್ಲಿ ಒತ್ತಕ್ಷರದ ತಪ್ಪುಗಳಿರುತ್ತವೆ. ಆದರೂ ಅಲ್ಲಿನವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ವಿಟ್ಮನ್ ಬರೆದ ಜಾಗಗಳು ನಮ್ಮ ಜಾಗಗಳು.

ಒಂದು ಉದಾಹರಣೆ ಕೊಡುತ್ತೇನೆ. ವಿಟ್ಮನ್ ಅವರ 'ಕ್ರಾಸಿಂಗ್ ಬ್ರೂಕ್ಲಿನ್ ಫೆರಿ' ಎಂಬ ಕವಿತೆ ಬ್ರೂಕ್ಲಿನ್ ಮತ್ತು ಮ್ಯಾನ್ಹಾಟನ್ ನಡುವೆ ಈಸ್ಟ್ ರಿವರ್ ದಾಟಿಸುತ್ತಿದ್ದ ದೋಣಿಯ ಬಗ್ಗೆ. 'ಫೆರಿ'ಗೆ ಕನ್ನಡದಲ್ಲಿ ಏನು ಹೇಳುವುದು? 'ದೋಣಿ' ಎಂದರೆ ಹುಟ್ಟು ಹಾಕುವ ಸಣ್ಣ ದೋಣಿ ಕಣ್ಣಿಗೆ ಬರುತ್ತದೆ. ಇದು ಜನ, ಕುದುರೆ, ಗಾಡಿ ಎಲ್ಲವನ್ನೂ ಹೊತ್ತು ಹಬೆಯಲ್ಲಿ ಓಡುತ್ತಿದ್ದ ದೊಡ್ಡ ದೋಣಿ. ಇದಕ್ಕೆ ಸರಿಯಾದ ಮಾತು ಸಾಗರ ತಾಲ್ಲೂಕಿನಲ್ಲೇ ಇದೆ. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವವರನ್ನು ಬಸ್ಸು ಕಾರುಗಳ ಸಮೇತ ದಾಟಿಸುತ್ತಿದ್ದುದಕ್ಕೆ ಅಲ್ಲಿನವರು 'ಲಾಂಚ್' ಎನ್ನುತ್ತಾರೆ. ಬ್ರೂಕ್ಲಿನ್‌ನಲ್ಲಿ 1883ರಲ್ಲಿ ಸೇತುವೆ ಬಂದ ಮೇಲೆ ದೋಣಿಗೆ ಕೆಲಸ ಕಡಿಮೆಯಾಗುತ್ತ ಹೋಯಿತು. ಸಿಗಂದೂರಿನ ದಾರಿಯಲ್ಲಿ 2025ರ ಜುಲೈನಲ್ಲಿ ಸೇತುವೆ ಆಯಿತು. ಸೇತುವೆ ಬಂದ ಸಂತೋಷ, ಲಾಂಚ್ ಹೋದ ಬೇಸರ ಎರಡನ್ನೂ ಆ ಊರಿನವರು ಬಲ್ಲರು. ಅವರಿಗೆ ಈ ಕವಿತೆಯನ್ನು ವಿವರಿಸುವ ಅಗತ್ಯವೇ ಇಲ್ಲ, ಕನ್ನಡದಲ್ಲಿ ತಲುಪಿಸಿದರೆ ಸಾಕು.

ಒಂದೇ ಒಂದು ಪದ ಹುಡುಕಲು ಹೊರಟು ನಾನು ಎರಡು ನದಿಗಳ ಇತಿಹಾಸ ಓದಿದೆ. ತರಗತಿಯ ಯಾವ ಪರೀಕ್ಷೆಗೂ ನಾನು ಅಷ್ಟು ಓದಿರಲಿಲ್ಲ. ಅದಕ್ಕೇ ಪೋಷಕರಿಗೂ ಶಿಕ್ಷಕರಿಗೂ ನನ್ನದೊಂದು ವಿನಂತಿ. ಮುಂದಿನ ವರ್ಷದಿಂದ ಪದವಿ ಪಡೆಯುವ ಪ್ರತಿ ತಂಡಕ್ಕೂ ಎರಡು ಕೆಲಸ ಕೊಡಿ. ಮೊದಲನೆಯದು, ನ್ಯೂಯಾರ್ಕ್ ಅಥವಾ ನ್ಯೂಜೆರ್ಸಿಯ ಒಬ್ಬ ಬರಹಗಾರರ ಎರಡು ಪುಟವನ್ನು ಕನ್ನಡಕ್ಕೆ ತರುವುದು. ಎರಡನೆಯದು, ಕನ್ನಡದ ಎರಡು ಪುಟವನ್ನು ನಮ್ಮ ಅಮೆರಿಕನ್ ಸಹಪಾಠಿಗಳು ಓದುವ ಹಾಗೆ ಇಂಗ್ಲಿಷಿಗೆ ತರುವುದು. ತಪ್ಪುಗಳನ್ನು ಶಿಕ್ಷಕರು ತಿದ್ದಲಿ. ಸಂಶಯ ಬಂದಾಗ ಊರಿನಲ್ಲಿರುವ ಅಜ್ಜ ಅಜ್ಜಿಗೆ ಫೋನ್ ಮಾಡೋಣ. ಊಟ ಆಯ್ತಾ, ಅಲ್ಲಿ ಚಳಿ ಎಷ್ಟಿದೆ ಎಂಬ ಎರಡು ಮಾತಿಗೇ ಮುಗಿಯುವ ಆ ಫೋನಿನಲ್ಲಿ ಆಗ ಮಾತಾಡಲು ಒಂದು ವಿಷಯ ಸಿಗುತ್ತದೆ. ಅವರಿಗೆ ಗೊತ್ತಿರುವುದನ್ನು ನಾವು ಕೇಳುತ್ತೇವೆ, ನಮಗೆ ಗೊತ್ತಿರುವುದನ್ನು ಅವರಿಗೆ ಹೇಳುತ್ತೇವೆ. ನನ್ನ ಪ್ರಕಾರ ಸಾಂಸ್ಕೃತಿಕ ವಿನಿಮಯ ಎಂದರೆ ಇಷ್ಟೇ.

1949ರಲ್ಲಿ ಹಂಟಿಂಗ್ಟನ್‌ನವರ ಮುಂದೆ ಇದ್ದದ್ದು ಒಂದು ಹಳೆಯ ಮನೆ. ಹೆಗ್ಗೋಡಿನವರ ಮುಂದೆ ಅದೂ ಇರಲಿಲ್ಲ, ನಾಟಕ ಆಡುವ ಆಸೆ ಮಾತ್ರ ಇತ್ತು. ನಮ್ಮ ಹತ್ತಿರ ಈಗಾಗಲೇ ಒಂದು ಶಾಲೆ ಇದೆ, ಶಿಕ್ಷಕರಿದ್ದಾರೆ, ಎರಡು ಭಾಷೆ ಇದೆ. ಮುಂದಿನ ತಂಡದವರು ಈ ಕೆಲಸ ಶುರು ಮಾಡುವುದಾದರೆ, ಪದವಿ ಪಡೆದ ಮೇಲೂ ವಾರಾಂತ್ಯಕ್ಕೆ ಬಂದು ಅವರ ಜೊತೆ ಕೂರಲು ನಾನು ಸಿದ್ಧ.